ಅಮೆರಿಕದ ಸರ್ಕಾರಿ ಆರೋಗ್ಯ ಸಮೀಕ್ಷೆಯ ಪ್ರಶ್ನೆ ಸರಿಯಿಲ್ಲ ಅನ್ನಿಸಿದರೆ ಯಾರಿಗೆ, ಯಾವಾಗ, ಹೇಗೆ ಹೇಳಬೇಕು: ಸಮಗ್ರ ಮಾರ್ಗದರ್ಶಿ

ನಮ್ಮ ಪರಿಚಯದ ಹಿರಿಯರೊಬ್ಬರು ಮಗನ ಜೊತೆ ಅಮೆರಿಕದಲ್ಲಿದ್ದಾರೆ. ಊಟ ಆದಮೇಲೆ ಎಲೆ ಅಡಿಕೆ, ಜೊತೆಗೆ ಚೂರು ಹೊಗೆಸೊಪ್ಪು ಇರಲೇಬೇಕು. ಒಮ್ಮೆ ಒಂದು ಆರೋಗ್ಯ ಸಮೀಕ್ಷೆಯವರು ಫೋನ್ ಮಾಡಿ, ನೀವು ಸ್ನಫ್ (ನಶ್ಯದಂಥ ತಂಬಾಕು ಪುಡಿ), ಸ್ನೂಸ್ (ತುಟಿಯಡಿ ಇಡುವ ತಂಬಾಕು) ಇಂಥದ್ದೇನಾದರೂ ಬಳಸುತ್ತೀರಾ ಅಂತ ಕೇಳಿದರು. ಇವರು ‘ಇಲ್ಲಪ್ಪ’ ಅಂದರು. ಸುಳ್ಳು ಹೇಳಲಿಲ್ಲ. ಅವರ ಬಾಯಲ್ಲಿ ಇದ್ದದ್ದು ಆ ಪಟ್ಟಿಯಲ್ಲಿ ಇರಲಿಲ್ಲ, ಅಷ್ಟೇ.

ಇಂಥ ಪ್ರಶ್ನೆಯನ್ನು ಫೋನ್ ಬಂದ ಮೇಲೆ ತಿದ್ದೋಕೆ ಆಗುವುದಿಲ್ಲ. ಫೋನ್ ಮಾಡುವ ಹುಡುಗಿ ತನ್ನ ಮುಂದಿರುವುದನ್ನು ಓದುತ್ತಾಳೆ, ಅದನ್ನು ಬದಲಿಸುವ ಅಧಿಕಾರ ಅವಳಿಗಿಲ್ಲ. ಆದರೆ ಆ ಪ್ರಶ್ನಾವಳಿ ಜನರ ಹತ್ತಿರ ಬರುವ ಮುಂಚೆ ಸರ್ಕಾರದೊಳಗೇ ಒಂದು ಪರಿಶೀಲನೆ ದಾಟಿ ಬರುತ್ತದೆ, ಮತ್ತು ಆ ಪರಿಶೀಲನೆಯಲ್ಲಿ ಎರಡು ಸಲ ಬಾಗಿಲು ತೆರೆದು ‘ಯಾರಾದರೂ ಏನಾದರೂ ಹೇಳುವುದಿದೆಯಾ’ ಅಂತ ಕೇಳುತ್ತಾರೆ. ಹೆಚ್ಚಿನವರಿಗೆ ಇದು ಗೊತ್ತೇ ಇಲ್ಲ. ಹೀಗೆ ಕೇಳಿ ಹೊರಡಿಸುವ ಎಷ್ಟೋ ನೋಟಿಸ್‌ಗಳಿಗೆ ಒಂದು ಅಭಿಪ್ರಾಯವೂ ಬರುವುದಿಲ್ಲ. ಹಾಗಾಗಿ ಒಬ್ಬರೇ ಬರೆದರೂ ಅದನ್ನು ಓದುತ್ತಾರೆ.

ಮೊದಲು ಕಾನೂನು, ಬೇಗ ಮುಗಿಸೋಣ

1980ರಲ್ಲಿ ಪೇಪರ್‌ವರ್ಕ್ ರಿಡಕ್ಷನ್ ಆಕ್ಟ್ ಅಂತ ಒಂದು ಕಾನೂನು ಬಂತು. 1995ರಲ್ಲಿ ಅದನ್ನು ಹೆಚ್ಚುಕಡಿಮೆ ಹೊಸದಾಗಿಯೇ ಬರೆದರು. ಸಾರ ಇಷ್ಟು: ಕೇಂದ್ರ ಸರ್ಕಾರದ ಯಾವುದೇ ಸಂಸ್ಥೆ 12 ತಿಂಗಳಲ್ಲಿ 10 ಅಥವಾ ಅದಕ್ಕಿಂತ ಹೆಚ್ಚು ಜನರಿಗೆ ಒಂದೇ ಥರದ ಪ್ರಶ್ನೆ ಕೇಳಬೇಕಾದರೆ ಮೊದಲು ಒಎಂಬಿ, ಅಂದರೆ ಆಫೀಸ್ ಆಫ್ ಮ್ಯಾನೇಜ್‌ಮೆಂಟ್ ಅಂಡ್ ಬಜೆಟ್, ಒಪ್ಪಿಗೆ ಕೊಡಬೇಕು. ಅದು ಅಧ್ಯಕ್ಷರ ಕಚೇರಿಗೆ ಸೇರಿದ್ದು. ಅದರೊಳಗಿನ ಒಐಆರ್‌ಎ ಅನ್ನುವ ವಿಭಾಗ ಕಡತಗಳನ್ನು ನೋಡುತ್ತದೆ.

‘ಜನ’ ಅಂದರೆ ಬರೀ ವ್ಯಕ್ತಿಗಳಲ್ಲ. ರಾಜ್ಯ ಸರ್ಕಾರಗಳು, ಆಸ್ಪತ್ರೆಗಳು, ಸಂಘಸಂಸ್ಥೆಗಳೂ ಲೆಕ್ಕಕ್ಕೆ ಬರುತ್ತವೆ. ಹಾಗಾಗಿ ಕೇಂದ್ರದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 50 ರಾಜ್ಯಗಳ ಆರೋಗ್ಯ ಇಲಾಖೆಗೆ ಒಂದು ಫಾರ್ಮ್ ಕಳಿಸಬೇಕಾದರೂ ಇದೇ ದಾರಿ. ಈ ‘10’ರ ಗೆರೆಯಿಂದಾಗಿ ಕೆಲವು ಕಚೇರಿಗಳಲ್ಲಿ ಸರಿಯಾಗಿ ಒಂಬತ್ತೇ ಜನರ ಸಂದರ್ಶನ ಮಾಡಿ ಸುಮ್ಮನಾಗುತ್ತಾರೆ. ನಗು ಬರುತ್ತದೆ, ಆದರೆ ಕಾನೂನಿನ ಪ್ರಕಾರ ತಪ್ಪಿಲ್ಲ.

ಒಪ್ಪಿಗೆ ಸಿಕ್ಕಿದ ಫಾರ್ಮಿನ ಮೇಲೆ ಒಂದು ಒಎಂಬಿ ಸಂಖ್ಯೆ, ಮುಗಿಯುವ ದಿನಾಂಕ ಇರಬೇಕು. ಆ ಸಂಖ್ಯೆ ಇಲ್ಲದ ಫಾರ್ಮನ್ನು ತುಂಬದಿದ್ದಕ್ಕೆ ನಿಮಗೆ ದಂಡ ಹಾಕುವಂತಿಲ್ಲ. ಆರೋಗ್ಯ ಸಮೀಕ್ಷೆಗಳು ಬಹುಪಾಲು ಸ್ವಇಚ್ಛೆಯವೇ, ಆದರೂ ಈ ಸಂಖ್ಯೆ ನೋಡುವ ಅಭ್ಯಾಸ ಒಳ್ಳೆಯದು.

ಹಂತ 1: ನಿಮ್ಮ ಸಮೀಕ್ಷೆ ಈ ದಾರಿಯಲ್ಲಿ ಬರುತ್ತದಾ ನೋಡಿ

ಎಲ್ಲವೂ ಬರುವುದಿಲ್ಲ. ಇದನ್ನು ಮೊದಲೇ ನೋಡಿಕೊಳ್ಳದೆ ವಾರಗಟ್ಟಲೆ ಹುಡುಕಿ ಸುಸ್ತಾದವರಿದ್ದಾರೆ.

ವಿಶ್ವವಿದ್ಯಾಲಯವೊಂದು ಕೇಂದ್ರದ ಅನುದಾನದಲ್ಲಿ ತನ್ನದೇ ಸಮೀಕ್ಷೆ ಮಾಡಿದರೆ ಸಾಮಾನ್ಯವಾಗಿ ಇದು ಅನ್ವಯಿಸದು. ಆದರೆ ‘ಈ ಪ್ರಶ್ನೆಗಳನ್ನೇ ಕೇಳಿ’ ಅಂತ ಅನುದಾನ ಕೊಟ್ಟ ಸರ್ಕಾರಿ ಸಂಸ್ಥೆ ಹೇಳಿದ್ದರೆ, ಅಥವಾ ಪ್ರಶ್ನಾವಳಿಗೆ ಸಂಸ್ಥೆಯ ಒಪ್ಪಿಗೆ ಬೇಕು ಅನ್ನುವ ಷರತ್ತು ಇದ್ದರೆ, ಆಗ ಅದು ಸಂಸ್ಥೆಯದ್ದೇ ಸಮೀಕ್ಷೆ ಅಂತ ಆಗುತ್ತದೆ. 2016ರ ಕ್ಯೂರ್ಸ್ ಆಕ್ಟ್ ಅನ್ನುವ ವೈದ್ಯಕೀಯ ಸಂಶೋಧನೆಯ ಕಾನೂನು ಎರಡು ವಿನಾಯಿತಿ ತಂದಿತು. ಒಂದು, ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ನಡೆಸುವ ಸಂಶೋಧನೆಯಲ್ಲಿ ಸ್ವಇಚ್ಛೆಯಿಂದ ಕೊಡುವ ಮಾಹಿತಿಗೆ. ಇನ್ನೊಂದು, ಸಾರ್ವಜನಿಕ ಆರೋಗ್ಯ ತುರ್ತುಸ್ಥಿತಿ ಇದ್ದಾಗ ಆರೋಗ್ಯ ಕಾರ್ಯದರ್ಶಿ ಈ ನಿಯಮವನ್ನೇ ಸಡಿಲಿಸಬಹುದು. ಚಿಕಿತ್ಸೆ, ತಪಾಸಣೆಯ ಭಾಗವಾಗಿ ರೋಗಿಗೆ ಕೇಳುವ ಪ್ರಶ್ನೆಗಳಿಗೂ ಮೊದಲಿನಿಂದ ವಿನಾಯಿತಿ ಇದೆ.

ಇನ್ನೂ ಎರಡು ಅಡ್ಡದಾರಿಗಳಿವೆ. ತುರ್ತು ಒಪ್ಪಿಗೆ ಅಂತ ಒಂದು, ಅದು ಹೆಚ್ಚೆಂದರೆ 180 ದಿನ ನಡೆಯುತ್ತದೆ. ಮತ್ತೊಂದು ಜೆನೆರಿಕ್ ಕ್ಲಿಯರೆನ್ಸ್. ‘ಈ ಥರದ ಸಣ್ಣ ಸಮೀಕ್ಷೆಗಳನ್ನು ಮುಂದಿನ ಮೂರು ವರ್ಷ ಮಾಡ್ತಾ ಇರ್ತೀವಿ’ ಅಂತ ಒಟ್ಟಿಗೆ ಒಂದು ಒಪ್ಪಿಗೆ ತಗೊಂಡುಬಿಡುತ್ತಾರೆ. ಆಮೇಲೆ ಅದರಡಿ ಬರುವ ಒಂದೊಂದು ಸಮೀಕ್ಷೆಗೂ ಸಾರ್ವಜನಿಕ ನೋಟಿಸ್ ಬರುವುದಿಲ್ಲ. ನಿಮಗೆ ಮಾತಾಡುವ ಅವಕಾಶ ಸಿಗುವುದು ಆ ದೊಡ್ಡ ಒಪ್ಪಿಗೆಯ ಸಮಯದಲ್ಲಿ ಮಾತ್ರ.

ಹಂತ 2: ನೋಟಿಸ್ ಹುಡುಕಿ

ಫೆಡರಲ್ ರಿಜಿಸ್ಟರ್ ಅಂತ ಸರ್ಕಾರದ ಗೆಜೆಟ್ ಕೆಲಸದ ದಿನ ಎಲ್ಲಾ ಬರುತ್ತದೆ, ಆನ್‌ಲೈನಿನಲ್ಲಿ ಉಚಿತ. ಅಲ್ಲಿ ಸಮೀಕ್ಷೆಯ ಹೆಸರು ಹಾಕಿ ಹುಡುಕಿ. ಸಿಡಿಸಿಯ ಮೊದಲ ನೋಟಿಸ್‌ಗೆ ‘ಪ್ರಪೋಸ್ಡ್ ಡೇಟಾ ಕಲೆಕ್ಷನ್ ಸಬ್ಮಿಟೆಡ್ ಫಾರ್ ಪಬ್ಲಿಕ್ ಕಾಮೆಂಟ್ ಅಂಡ್ ರೆಕಮೆಂಡೇಷನ್ಸ್’ ಅಂತ ತಲೆಬರಹ ಇರುತ್ತದೆ. ಎರಡನೆಯದಕ್ಕೆ ‘ಏಜೆನ್ಸಿ ಫಾರ್ಮ್ಸ್ ಅಂಡರ್‌ಗೋಯಿಂಗ್ ಪೇಪರ್‌ವರ್ಕ್ ರಿಡಕ್ಷನ್ ಆಕ್ಟ್ ರಿವ್ಯೂ’. ಇಷ್ಟು ನೀರಸ ಹೆಸರಿಟ್ಟರೆ ಯಾರು ತಾನೇ ಓದುತ್ತಾರೆ, ಅಲ್ವಾ?

ತಲೆಬರಹದ ಹತ್ತಿರ ‘60ಡೇ-24-0214’ ಅನ್ನುವ ಥರದ ಸಂಖ್ಯೆ ಕಾಣುತ್ತದೆ. ಓದುವುದು ಸುಲಭ. ಮೊದಲನೆಯದು ಇದು 60 ದಿನದ ನೋಟಿಸೋ 30 ದಿನದ್ದೋ ಅಂತ. ನಡುವಿನದು ಹಣಕಾಸು ವರ್ಷ. ಕೊನೆಯದು ಆ ಸಮೀಕ್ಷೆಯ ಒಎಂಬಿ ಸಂಖ್ಯೆಯ ಬಾಲ. ಪೂರ್ತಿ ಸಂಖ್ಯೆ 0920-0214, ಅದು ನ್ಯಾಷನಲ್ ಹೆಲ್ತ್ ಇಂಟರ್‌ವ್ಯೂ ಸರ್ವೆ, 1957ರಿಂದ ನಡೆಯುತ್ತಿರುವ ಸಮೀಕ್ಷೆ. ಮುಂದಿನ 0920 ಅಂದರೆ ಸಿಡಿಸಿ. 0925 ಇದ್ದರೆ ಎನ್‌ಐಎಚ್, 0930 ಇದ್ದರೆ ಮಾನಸಿಕ ಆರೋಗ್ಯ ಮತ್ತು ವ್ಯಸನದ ವಿಷಯ ನೋಡುವ ಸ್ಯಾಮ್ಸಾ. ದೊಡ್ಡ ಟ್ರೇಲರ್‌ಗಳಲ್ಲಿ ತಿರುಗಾಡುವ ತಪಾಸಣಾ ಕೇಂದ್ರ ಇಟ್ಟುಕೊಂಡು ರಕ್ತ, ರಕ್ತದೊತ್ತಡ ಎಲ್ಲ ನೋಡುವ ಎನ್‌ಹೇನ್ಸ್ ಸಮೀಕ್ಷೆಯದು 0920-0950. ಕೊನೆಯ ಭಾಗದಲ್ಲಿ ಅಂಕಿಗಳ ಜೊತೆ ಅಕ್ಷರಗಳೂ ಬಂದರೆ ಅದು ಹೊಚ್ಚಹೊಸ ಸಮೀಕ್ಷೆ, ಇನ್ನೂ ಖಾಯಂ ಸಂಖ್ಯೆ ಸಿಕ್ಕಿಲ್ಲ ಅಂತ ಅರ್ಥ. ಇಂಥವನ್ನು ಬಿಡಬೇಡಿ. ಹಳೆಯ ಸಮೀಕ್ಷೆಗಿಂತ ಹೊಸದರಲ್ಲಿ ಬದಲಾವಣೆ ಮಾಡಿಸುವುದು ಸುಲಭ.

ಹಂತ 3: 60 ದಿನದ ನೋಟಿಸನ್ನೇ ಹಿಡಿಯಿರಿ

ಮೊದಲ 60 ದಿನ ನೀವು ಬರೆಯುವುದು ಸಮೀಕ್ಷೆ ಮಾಡುವ ಸಂಸ್ಥೆಗೆ. ಆಗ ಪ್ರಶ್ನಾವಳಿ ಇನ್ನೂ ಅವರ ಮೇಜಿನ ಮೇಲೇ ಇರುತ್ತದೆ, ಒಂದು ಪದ ಬದಲಿಸಬೇಕಾದರೆ ಅವರೇ ಬದಲಿಸುತ್ತಾರೆ. ಅದಾದ ಮೇಲೆ ಕಡತ ಒಎಂಬಿಗೆ ಹೋಗುತ್ತದೆ, ಎರಡನೇ ನೋಟಿಸ್ ಬರುತ್ತದೆ, 30 ದಿನ ಒಎಂಬಿಗೆ ನೇರವಾಗಿ ಬರೆಯಬಹುದು. ಆ ಹೊತ್ತಿಗೆ ಗುತ್ತಿಗೆದಾರರು ಸಿಕ್ಕಿರುತ್ತಾರೆ, ಸಾಫ್ಟ್‌ವೇರಿನಲ್ಲಿ ಪ್ರಶ್ನೆ ಕೂರಿಸಿರುತ್ತಾರೆ, ಯಾರಿಗೂ ಕೈ ಹಾಕುವ ಮನಸ್ಸಿರುವುದಿಲ್ಲ. ಎರಡನೇ ಸುತ್ತನ್ನು ನಾನು ಅಪೀಲಿನ ಥರ ನೋಡುತ್ತೇನೆ. ಮೊದಲ ಸುತ್ತಿನಲ್ಲಿ ಹೇಳಿದ್ದನ್ನು ಕಿವಿಗೆ ಹಾಕಿಕೊಳ್ಳದಿದ್ದರೆ ಅಲ್ಲಿ ಹೇಳುವುದು.

ಹಂತ 4: ಪ್ರಶ್ನಾವಳಿಯನ್ನು ಕೈಗೆ ತಗೊಳ್ಳಿ

ಇಲ್ಲೇ ಹೆಚ್ಚಿನವರು ಎಡವುತ್ತಾರೆ. ನೋಟಿಸಿನಲ್ಲಿ ಪ್ರಶ್ನೆಗಳೇ ಇರುವುದಿಲ್ಲ! ಸಮೀಕ್ಷೆ ಯಾಕೆ, ಯಾರಿಗೆ, ಎಷ್ಟು ಹೊತ್ತು ಹಿಡಿಯುತ್ತದೆ ಅನ್ನುವ ಒಂದೆರಡು ಪುಟ, ಕೊನೆಗೆ ಒಂದು ಕೋಷ್ಟಕ. ಅದನ್ನಷ್ಟೇ ಓದಿ ‘ಈ ಸಮೀಕ್ಷೆ ಒಳ್ಳೆಯದು’ ಅಥವಾ ‘ಇದು ದುಡ್ಡು ದಂಡ’ ಅಂತ ಬರೆದರೆ ಏನೂ ಪ್ರಯೋಜನವಿಲ್ಲ.

ನೋಟಿಸಿನಲ್ಲೇ ಒಂದು ಇಮೇಲ್ ಕೊಟ್ಟಿರುತ್ತಾರೆ, ಸಮೀಕ್ಷೆಯ ಯೋಜನೆ ಮತ್ತು ಫಾರ್ಮ್‌ಗಳ ಪ್ರತಿ ಬೇಕಾದರೆ ಕೇಳಿ ಅಂತ. ಕೇಳಿ. ಎರಡು ಸಾಲು ಸಾಕು: ನೋಟಿಸಿನ ಸಂಖ್ಯೆ ಬರೆದು, ಪ್ರಶ್ನಾವಳಿ ಮತ್ತು ಸಪೋರ್ಟಿಂಗ್ ಸ್ಟೇಟ್‌ಮೆಂಟ್ (ಈ ಸಮೀಕ್ಷೆ ಯಾಕೆ, ಹೇಗೆ ಅಂತ ಸಂಸ್ಥೆ ಒಎಂಬಿಗೆ ಕೊಡುವ ವಿವರಣೆ) ಎ, ಬಿ ಎರಡರ ಕರಡೂ ಕಳಿಸಿ ಅನ್ನಿ. ಯಾಕೆ ಬೇಕು ಅಂತ ವಿವರಿಸಬೇಕಾಗಿಲ್ಲ. ನಾನು ಒಮ್ಮೆ ಹೀಗೆ ಕೇಳಿ ಉತ್ತರಕ್ಕೆ ಮೂರು ವಾರ ಕಾದಿದ್ದೆ, ಅಷ್ಟರಲ್ಲಿ ಗಡುವು ಹತ್ತಿರ ಬಂದಿತ್ತು, ಕೊನೆಗೆ ರಾತ್ರಿ ಕೂತು ಬರೆದು ಕಳಿಸಿದೆ. ಹಾಗಾಗಿ ನೋಟಿಸ್ ಕಂಡ ದಿನವೇ ಕೇಳಿಬಿಡಿ.

ಹಳೆಯ ಸಮೀಕ್ಷೆಯಾದರೆ ಇನ್ನೊಂದು ದಾರಿ ಇದೆ. ರೆಗ್‌ಇನ್ಫೋ ಡಾಟ್ ಗೌವ್ ಅನ್ನುವ ಸರ್ಕಾರಿ ತಾಣದಲ್ಲಿ ಒಎಂಬಿ ಸಂಖ್ಯೆ ಹಾಕಿದರೆ ಹಿಂದಿನ ಒಪ್ಪಿಗೆಗಳ ಪೂರ್ತಿ ಕಡತ ತೆರೆದುಕೊಳ್ಳುತ್ತದೆ. ಹೋದ ಸಲದ ಪ್ರಶ್ನಾವಳಿ, ಅದಕ್ಕೆ ಬಂದ ಅಭಿಪ್ರಾಯಗಳು, ಒಎಂಬಿ ಹಾಕಿದ ಷರತ್ತುಗಳು ಎಲ್ಲ ಅಲ್ಲಿವೆ. ಇದನ್ನು ಓದದೆ ಅಭಿಪ್ರಾಯ ಬರೆಯಲು ಕೂರಬೇಡಿ. ನೀವು ಹೇಳಬೇಕೆಂದಿರುವುದನ್ನೇ ಮೂರು ವರ್ಷದ ಹಿಂದೆ ಒಎಂಬಿಯೇ ಕೇಳಿತ್ತು ಅಂತ ಕಂಡರೆ ನಿಮ್ಮ ಕೆಲಸ ಅರ್ಧ ಮುಗಿಯಿತು.

ಹಂತ 5: ಸಪೋರ್ಟಿಂಗ್ ಸ್ಟೇಟ್‌ಮೆಂಟಿನಲ್ಲಿ ಎಲ್ಲಿ ನೋಡಬೇಕು

ಭಾಗ ಎಯಲ್ಲಿ 18 ಅಂಶಗಳು. ಎಲ್ಲಾ ಓದಬೇಕಾಗಿಲ್ಲ. 4ನೇ ಅಂಶ ನೋಡಿ, ಇದೇ ಮಾಹಿತಿ ಬೇರೆ ಕಡೆ ಸಿಗುವುದಿಲ್ಲವಾ ಅನ್ನುವುದಕ್ಕೆ ಅವರ ಉತ್ತರ. ‘ಸಿಗುವುದಿಲ್ಲ’ ಅಂತ ಒಂದೇ ಸಾಲು ಬರೆದಿದ್ದು, ನಿಮಗೆ ಇನ್ನೊಂದು ಸಮೀಕ್ಷೆಯಲ್ಲಿ ಅದೇ ಪ್ರಶ್ನೆ ಇದೆ ಅಂತ ಗೊತ್ತಿದ್ದರೆ, ಅದು ಗಟ್ಟಿಯಾದ ಅಂಶ. 9ನೆಯದು ಉತ್ತರ ಕೊಟ್ಟವರಿಗೆ ಏನಾದರೂ ದುಡ್ಡು ಅಥವಾ ಉಡುಗೊರೆ ಇದೆಯಾ ಅನ್ನುವುದು. 10 ಗೋಪ್ಯತೆ. 11 ಸೂಕ್ಷ್ಮ ಪ್ರಶ್ನೆಗಳು, ಅಂದರೆ ಲೈಂಗಿಕತೆ, ಮಾದಕವಸ್ತು, ವಲಸೆ ಇಂಥವು. 12 ಸಮಯದ ಲೆಕ್ಕ.

ಗೋಪ್ಯತೆ ಬಗ್ಗೆ ಒಂದು ಮಾತು. ‘ನಿಮ್ಮ ಮಾಹಿತಿ ಸುರಕ್ಷಿತ’ ಅಂತ ಬರೆದರೆ ಸಾಲದು, ಯಾವ ಕಾನೂನಿನಡಿ ಅಂತ ಬರೆದಿರಬೇಕು. ಸಿಡಿಸಿಯ ಅಂಕಿಅಂಶ ಕೇಂದ್ರವಾದ ನ್ಯಾಷನಲ್ ಸೆಂಟರ್ ಫಾರ್ ಹೆಲ್ತ್ ಸ್ಟಾಟಿಸ್ಟಿಕ್ಸ್‌ನ ಸಮೀಕ್ಷೆಗಳಿಗೆ ಸಿಪ್ಸಿಯಾ ಅನ್ನುವ ಕಾನೂನಿನ ರಕ್ಷಣೆ ಇದೆ. ಬೇಕೆಂದೇ ಮಾಹಿತಿ ಹೊರಗೆ ಬಿಟ್ಟವರಿಗೆ 5 ವರ್ಷದವರೆಗೆ ಜೈಲು, 2,50,000 ಡಾಲರ್‌ವರೆಗೆ ದಂಡ. ಎಲ್ಲಾ ಸಮೀಕ್ಷೆಗೂ ಇಷ್ಟು ಗಟ್ಟಿ ರಕ್ಷಣೆ ಇರುವುದಿಲ್ಲ, ಅದಕ್ಕೇ ನೋಡಬೇಕು.

ಭಾಗ ಬಿ ಸಂಖ್ಯಾಶಾಸ್ತ್ರದ್ದು, ಐದೇ ಅಂಶ. ಯಾರನ್ನು ಆರಿಸುತ್ತಾರೆ, ಹೇಗೆ, ಉತ್ತರ ಕೊಡದವರ ಬಗ್ಗೆ ಏನು ಮಾಡುತ್ತಾರೆ, ಪ್ರಶ್ನೆಗಳನ್ನು ಮೊದಲು ಯಾರ ಮೇಲಾದರೂ ಪರೀಕ್ಷೆ ಮಾಡಿದ್ದಾರಾ. ಒಎಂಬಿಯ 2006ರ ಮಾನದಂಡದ ಪ್ರಕಾರ ಉತ್ತರಿಸುವವರ ಪ್ರಮಾಣ ಶೇ. 80ಕ್ಕಿಂತ ಕಡಿಮೆಯಾದರೆ, ಉತ್ತರ ಕೊಡದವರಿಂದ ಫಲಿತಾಂಶ ವಾಲುತ್ತದಾ ಅಂತ ವಿಶ್ಲೇಷಣೆ ಮಾಡಲೇಬೇಕು. ಈಗಿನ ಕಾಲದಲ್ಲಿ ಫೋನ್ ಎತ್ತುವವರೇ ಇಲ್ಲ, ಶೇ. 80 ದೂರದ ಮಾತು. ಆದ್ದರಿಂದ ಆ ವಿಶ್ಲೇಷಣೆಯ ಯೋಜನೆ ಕಾಣದಿದ್ದರೆ ಧೈರ್ಯವಾಗಿ ಕೇಳಿ.

ನಮ್ಮಂಥವರಿಗೆ ಇಲ್ಲಿ ಇನ್ನೊಂದು ವಿಷಯ ಇದೆ. ಸಮೀಕ್ಷೆ ಯಾವ ಭಾಷೆಗಳಲ್ಲಿ ನಡೆಯುತ್ತದೆ? ಇಂಗ್ಲಿಷ್, ಸ್ಪ್ಯಾನಿಷ್ ಮಾತ್ರ ಅಂತಿದ್ದರೆ, ಇಂಗ್ಲಿಷ್ ಬಾರದ ಅಜ್ಜ ಅಜ್ಜಿಯರು ಲೆಕ್ಕದಿಂದ ಆಚೆ ಹೋದರು ಅಂತಲೇ. ಜನಾಂಗದ ಪ್ರಶ್ನೆಯನ್ನೂ ನೋಡಿ. ಮಾರ್ಚ್ 2024ರಲ್ಲಿ ಒಎಂಬಿ ತನ್ನ ನಿಯಮ ಬದಲಿಸಿತು. ಸಾಮಾನ್ಯವಾಗಿ ಬರೀ ‘ಏಷ್ಯನ್’ ಅಂತ ಕೇಳಿದರೆ ಸಾಲದು, ಅದರೊಳಗೆ ಏಷ್ಯನ್ ಇಂಡಿಯನ್, ಚೈನೀಸ್, ಫಿಲಿಪಿನೋ ಹೀಗೆ ಬಿಡಿಸಿ ಕೇಳಬೇಕು. ನಮ್ಮವರಲ್ಲಿ ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ ಎಷ್ಟು ಅಂತ ತಿಳಿಯಬೇಕಾದರೆ ಇದು ಬೇಕೇ ಬೇಕು.

ಹಂತ 6: ಗಡಿಯಾರ ಇಟ್ಟುಕೊಂಡು ನೀವೇ ತುಂಬಿ

ಇದೊಂದು ಹಂತ ಮಾಡಿದರೆ ಉಳಿದದ್ದು ಅರ್ಧಂಬರ್ಧ ಆದರೂ ಪರವಾಗಿಲ್ಲ.

ಪ್ರಶ್ನಾವಳಿಯನ್ನು ಪ್ರಿಂಟ್ ತೆಗೆದು, ಫೋನಿನಲ್ಲಿ ಟೈಮರ್ ಹಾಕಿ, ಮೊದಲಿಂದ ಕೊನೆವರೆಗೆ ಪ್ರಾಮಾಣಿಕವಾಗಿ ತುಂಬಿ. ಆಮೇಲೆ ಮನೆಯ ಇನ್ನೊಬ್ಬರಿಂದ ತುಂಬಿಸಿ, ಆದಷ್ಟು ನಿಮಗಿಂತ ವಯಸ್ಸಾದವರಿಂದ. ಅವರು ಎಲ್ಲಿ ತಡೆದರು, ಎಲ್ಲಿ ‘ಅಂದ್ರೆ ಏನು?’ ಅಂದರು, ಎಲ್ಲಿ ಮುಖ ಗಂಟಿಕ್ಕಿದರು, ಗುರುತು ಹಾಕಿಕೊಳ್ಳಿ. ಸಹಾಯ ಮಾಡಬೇಡಿ. ಸುಮ್ನೆ ನೋಡಿ.

ನೋಟಿಸಿನ ಕೋಷ್ಟಕದಲ್ಲಿ ಉತ್ತರಿಸುವವರು ಯಾರು, ಫಾರ್ಮಿನ ಹೆಸರೇನು, ಎಷ್ಟು ಜನ, ಒಬ್ಬೊಬ್ಬರು ಎಷ್ಟು ಸಲ, ಸಲಕ್ಕೆ ಎಷ್ಟು ಹೊತ್ತು ಅಂತ ಇರುತ್ತದೆ. ಉದಾಹರಣೆಗೆ 1,000 ಜನ, ತಲಾ 2 ಸಲ, ಸಲಕ್ಕೆ 15 ನಿಮಿಷ ಅಂದರೆ ವರ್ಷಕ್ಕೆ 500 ಗಂಟೆ. ಇದನ್ನು ಬರ್ಡನ್ ಅನ್ನುತ್ತಾರೆ, ಅಂದರೆ ಜನರ ಮೇಲೆ ಬೀಳುವ ಹೊರೆ. ನಿಮಗೆ 15 ನಿಮಿಷದ ಬದಲು 25 ನಿಮಿಷ ಹಿಡಿದರೆ ಆ 500 ಗಂಟೆ 833 ಆಗುತ್ತದೆ. ಈ ಲೆಕ್ಕವನ್ನು ಹಾಗೇ ಬರೆಯಿರಿ. ಆಸ್ಪತ್ರೆ ಅಥವಾ ಆರೋಗ್ಯ ಇಲಾಖೆ ತುಂಬುವ ಫಾರ್ಮಾದರೆ ಇನ್ನೂ ಜಾಸ್ತಿ ಎಚ್ಚರ ಬೇಕು. ಹಳೆಯ ದಾಖಲೆ ಹುಡುಕುವುದು, ಸೂಚನೆ ಓದುವುದು ಎಲ್ಲ ಸೇರಿಸಿ ಲೆಕ್ಕ ಹಾಕಬೇಕು ಅಂತ ನಿಯಮವೇ ಇದೆ, ಆದರೆ ಕೆಲವರು ಟೈಪ್ ಮಾಡುವ ಹೊತ್ತನ್ನಷ್ಟೇ ಹಿಡಿಯುತ್ತಾರೆ.

ಹಂತ 7: ಬರೆಯುವುದು

ನೋಟಿಸಿನಲ್ಲಿ ಏನು ಕೇಳಿರುತ್ತಾರೋ ಅದಕ್ಕೆ ಉತ್ತರ ಕೊಡಿ. ಈ ಮಾಹಿತಿ ನಿಜಕ್ಕೂ ಬೇಕಾ, ಕೆಲಸಕ್ಕೆ ಬರುತ್ತದಾ? ಹೊರೆಯ ಲೆಕ್ಕ ಸರಿಯಿದೆಯಾ? ಪ್ರಶ್ನೆಗಳನ್ನು ಇನ್ನೂ ಸ್ಪಷ್ಟ, ಉಪಯುಕ್ತ ಮಾಡುವುದು ಹೇಗೆ? ಹೊರೆ ತಗ್ಗಿಸುವುದು ಹೇಗೆ? ಸಿಡಿಸಿ ಖರ್ಚಿನ ಬಗ್ಗೆಯೂ ಕೇಳುತ್ತದೆ. ಈ ಚೌಕಟ್ಟಿನ ಹೊರಗಿನದು, ಅಂದರೆ ಸರ್ಕಾರದ ಮೇಲಿನ ಸಿಟ್ಟು, ಲಸಿಕೆಯ ಜಗಳ, ಇವೆಲ್ಲ ಬರೆದರೆ ‘ವಿಷಯಕ್ಕೆ ಸಂಬಂಧವಿಲ್ಲ’ ಅಂತ ಪಕ್ಕಕ್ಕಿಡುತ್ತಾರೆ. ಇದು ಮತದಾನವೂ ಅಲ್ಲ. ಒಂದೇ ಪತ್ರವನ್ನು ಇನ್ನೂರು ಜನ ನಕಲು ಮಾಡಿ ಕಳಿಸುವುದಕ್ಕಿಂತ ಒಬ್ಬರು ಸರಿಯಾಗಿ ಬರೆದದ್ದು ಮೇಲು.

ಹೊಗೆಸೊಪ್ಪಿನ ಪ್ರಶ್ನೆಯ ಬಗ್ಗೆ ನಾನಾದರೆ ಹೀಗೆ ಬರೆಯುತ್ತೇನೆ (ಕಳಿಸುವುದು ಇಂಗ್ಲಿಷಿನಲ್ಲೇ, ವಿಷಯ ಇದು): ‘ಇಂಥ ಫಾರ್ಮಿನ ಇಂಥ ಸಂಖ್ಯೆಯ ಪ್ರಶ್ನೆಯಲ್ಲಿ ಸ್ನಫ್, ಸ್ನೂಸ್ ಹೆಸರು ಮಾತ್ರ ಇದೆ. ದಕ್ಷಿಣ ಏಷ್ಯಾದ ಜನ ಬಳಸುವ ಗುಟ್ಕಾ, ಹೊಗೆಸೊಪ್ಪು ಹಾಕಿದ ಎಲೆ ಅಡಿಕೆ ಇದರಲ್ಲಿ ಬರುತ್ತದೆ ಅಂತ ಅವರಿಗೆ ಹೊಳೆಯುವುದಿಲ್ಲ. ನಾನು ಈ ಪ್ರಶ್ನೆಯನ್ನು ಮೂವರು ಹಿರಿಯರಿಗೆ ಓದಿದೆ, ದಿನಾ ಬಳಸುವ ಇಬ್ಬರು ಇಲ್ಲ ಅಂದರು. ಈ ಎರಡು ಹೆಸರನ್ನು ಸೇರಿಸಿ, ಪ್ರಶ್ನೆ ಹೀಗಿರಲಿ.’ ಆಮೇಲೆ ಪ್ರಶ್ನೆಯ ಹೊಸ ರೂಪವನ್ನು ಪೂರ್ತಿ ಬರೆದುಬಿಡುತ್ತೇನೆ. ಮೂವರು ಅಂದರೆ ಮೂವರೇ, ಅದನ್ನು ದೊಡ್ಡದು ಮಾಡಿ ಹೇಳಬೇಡಿ. ತಪ್ಪು ಎಲ್ಲಿದೆ, ಯಾಕೆ ತಪ್ಪು, ಬದಲಿಗೆ ಏನು, ಈ ಮೂರೂ ಇದ್ದರೆ ಅಧಿಕಾರಿಗೆ ಅದನ್ನು ತಳ್ಳಿಹಾಕುವುದು ಕಷ್ಟ. ಬರೀ ‘ಪ್ರಶ್ನೆ ಸರಿಯಿಲ್ಲ’ ಅಂದರೆ ‘ಪರಿಶೀಲಿಸಿದ್ದೇವೆ, ಧನ್ಯವಾದ’ ಅಂತ ಮುಗಿಸುತ್ತಾರೆ.

ಒಂದು ಪ್ರಶ್ನೆಯೊಳಗೆ ಎರಡು ಪ್ರಶ್ನೆ ಅಡಗಿರುವುದು, ‘ಕಳೆದ 12 ತಿಂಗಳಲ್ಲಿ ಎಷ್ಟು ಸಲ’ ಅನ್ನುವ ಥರ ಯಾರಿಗೂ ನೆನಪಿರದ ಲೆಕ್ಕ ಕೇಳುವುದು, ‘ಗೊತ್ತಿಲ್ಲ’ ಅನ್ನುವ ಆಯ್ಕೆಯೇ ಇಲ್ಲದಿರುವುದು: ಸಾಮಾನ್ಯವಾಗಿ ಸಿಗುವ ತಪ್ಪುಗಳು ಇವೇ.

ಹಂತ 8: ಕಳಿಸುವುದು

60 ದಿನದ ಸುತ್ತಿನಲ್ಲಿ ಸಿಡಿಸಿಯದಾದರೆ ರೆಗ್ಯುಲೇಷನ್ಸ್ ಡಾಟ್ ಗೌವ್‌ನಲ್ಲಿ, ನೋಟಿಸಿನ ಡಾಕೆಟ್ (ಕಡತ) ಸಂಖ್ಯೆ ಹಾಕಿ. ಬರೆಯುವ ಜಾಗದಲ್ಲಿ 5,000 ಅಕ್ಷರ ಹಿಡಿಯುತ್ತದೆ, ಜಾಸ್ತಿ ಇದ್ದರೆ ಫೈಲ್ ಲಗತ್ತಿಸಿ. ಹೆಸರು ಹಾಕದೆಯೂ ಕಳಿಸಬಹುದು. ಪೌರತ್ವ ಯಾರೂ ಕೇಳುವುದಿಲ್ಲ, ವೀಸಾದಲ್ಲಿದ್ದವರೂ ಬರೆಯಬಹುದು. ಆದರೆ ಬರೆದದ್ದು ಇದ್ದ ಹಾಗೇ ಎಲ್ಲರಿಗೂ ಕಾಣುತ್ತದೆ, ಆದ್ದರಿಂದ ಮನೆ ವಿಳಾಸ, ಫೋನ್ ನಂಬರ್, ಅಪ್ಪನ ಕಾಯಿಲೆಯ ವಿವರ ಇವನ್ನೆಲ್ಲ ಅಲ್ಲಿ ಹಾಕಬೇಡಿ.

ಹಂತ 9: ಎರಡನೇ ಸುತ್ತು, ಆಮೇಲೆ ತೀರ್ಮಾನ

30 ದಿನದ ನೋಟಿಸ್ ಬಂದಾಗ ರೆಗ್‌ಇನ್ಫೋ ತಾಣದಲ್ಲಿ ಹೊಸ ಕಡತ ತೆರೆಯಿರಿ. ಭಾಗ ಎಯ 8ನೇ ಅಂಶದಲ್ಲಿ, ಬಂದ ಅಭಿಪ್ರಾಯಗಳು ಏನು, ಅದಕ್ಕೆ ಏನು ಮಾಡಿದೆವು ಅಂತ ಸಂಸ್ಥೆ ಬರೆದಿರಬೇಕು. ನಿಮ್ಮದು ಅಲ್ಲಿದೆಯಾ? ಬದಲಿಸಿದ್ದರೆ ಸಂತೋಷ. ಕಾರಣ ಕೊಡದೆ ಬಿಟ್ಟಿದ್ದರೆ ಅದೇ ತಾಣದಿಂದ ಒಎಂಬಿಗೆ ಬರೆಯಿರಿ, ಮೊದಲ ಪತ್ರವನ್ನೂ ಲಗತ್ತಿಸಿ, ‘ಇದಕ್ಕೆ ಉತ್ತರ ಬಂದಿಲ್ಲ’ ಅಂತ ಒಂದೇ ಸಾಲಿನಲ್ಲಿ ತೋರಿಸಿ.

ಒಎಂಬಿಗೆ ತೀರ್ಮಾನಿಸಲು 60 ದಿನ ಇದೆ, ಅದರಲ್ಲಿ ಮೊದಲ 30 ದಿನ ಜನರಿಗೆ ಬಿಡಲೇಬೇಕು. ಒಪ್ಪಬಹುದು, ಬದಲಾವಣೆಯ ಜೊತೆ ಒಪ್ಪಬಹುದು, ತಿರಸ್ಕರಿಸಬಹುದು. ಸಂಸ್ಥೆಯೇ ಹಿಂದಕ್ಕೆ ತಗೊಳ್ಳುವುದೂ ಉಂಟು. ಪೂರ್ತಿ ತಿರಸ್ಕಾರ ಅಪರೂಪ. ಹೆಚ್ಚು ಓದಬೇಕಾದ್ದು ‘ಟರ್ಮ್ಸ್ ಆಫ್ ಕ್ಲಿಯರೆನ್ಸ್’ ಅನ್ನುವ ಷರತ್ತುಗಳನ್ನು. ‘ಈ ಸಲ ಸರಿ, ಮುಂದಿನ ಸಲ ಬರುವಾಗ ಈ ಪ್ರಶ್ನೆಯನ್ನು ಪರೀಕ್ಷೆ ಮಾಡಿಕೊಂಡು ಬನ್ನಿ’ ಅನ್ನುವಂಥ ಮಾತು ಅಲ್ಲಿರುತ್ತದೆ.

ಒಪ್ಪಿಗೆ ಹೆಚ್ಚೆಂದರೆ 3 ವರ್ಷ. ನಡುವೆ ಸಣ್ಣಪುಟ್ಟ ಬದಲಾವಣೆಗಳು ಅಂತ ಸಂಸ್ಥೆ ಕೇಳಿಕೊಂಡರೆ ನೋಟಿಸ್ ಇಲ್ಲದೆಯೇ ಆಗಿಬಿಡುತ್ತವೆ, ಹಾಗಾಗಿ ಆಗಾಗ ಆ ಸಂಖ್ಯೆ ಹಾಕಿ ನೋಡುತ್ತಿರಿ. ಮುಂದುವರಿಸಬೇಕಾದರೆ ಮತ್ತೆ 60, ಮತ್ತೆ 30. ಈ ಕೆಲಸ ತಿಂಗಳುಗಟ್ಟಲೆ ಹಿಡಿಯುವುದರಿಂದ ಅವಧಿ ಮುಗಿಯುವ ಬಹಳ ಮುಂಚೆಯೇ ಮೊದಲ ನೋಟಿಸ್ ಬರುತ್ತದೆ. ಫಾರ್ಮಿನ ಮೂಲೆಯಲ್ಲಿರುವ ಮುಗಿಯುವ ದಿನಾಂಕದಿಂದ ಹತ್ತು ತಿಂಗಳು ಹಿಂದಕ್ಕೆ ಎಣಿಸಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಆ ತಿಂಗಳಿಂದ ವಾರಕ್ಕೊಮ್ಮೆ ಫೆಡರಲ್ ರಿಜಿಸ್ಟರಿನಲ್ಲಿ ಹುಡುಕಿ.